ದೊಡ್ಡಪ್ಪನ ಮಗನನ್ನು ಹುಡುಕಿಕೊಂಡು ಲೋರಿ ಕೋಟೆಗೆ

ಟಿಬಿಲಿಸಿಯ ಹಳೇ ಊರಿನ ಗಲ್ಲಿಯೊಂದರಲ್ಲಿ ನಾಲ್ಕು ಮೆಟ್ಟಿಲು ಇಳಿದು ಹೋಗುವ ಬೇಕರಿ. ಬಾವಿಯಂಥ ಮಣ್ಣಿನ ಒಲೆ. ಅದರ ಒಳಗೋಡೆಗೆ ಹಿಟ್ಟು ಬಡಿದು ಅಂಟಿಸಿ ಸುಡುತ್ತಾರೆ. ಜಾರ್ಜಿಯನ್ ಭಾಷೆಯಲ್ಲಿ ಬ್ರೆಡ್ಡಿಗೆ 'ಪುರಿ' ಅಂತಾರೆ. ಹೆಸರು ಕೇಳಿ ಬಾಯಲ್ಲಿ ನೀರೂರಿಸಿಕೊಳ್ಳಬೇಡಿ, ಸಾಗು ಸಿಗಲ್ಲ. ಇಲ್ಲಿನ ದುಡ್ಡಿನ ಹೆಸರು ಲಾರಿ. ನಾನು 50 ಲಾರಿಯ ನೋಟು ಚಾಚಿದೆ. ಅಂಗಡಿಯಾಕೆ ನೋಟನ್ನೂ ನನ್ನನ್ನೂ ನೋಡಿ ತಲೆ ಅಲ್ಲಾಡಿಸಿದರು. ಚಿಲ್ಲರೆ ಇಲ್ಲ! ಇದು ಮಾತ್ರ ನಮ್ಮೂರಿನ ಹಾಗೇ.

ಆ ನೋಟಿನ ಮೇಲಿರುವುದು ತಮಾರ್ ರಾಣಿ. ರಾಣಿ ಅನ್ನೋದೂ ತಪ್ಪೇ. ಇಲ್ಲಿ ಅವಳನ್ನು 'ಮೆಪೆ' ಅಂತಾರೆ, ಅಂದರೆ ರಾಜ. ಜಾರ್ಜಿಯದಲ್ಲಿ ಎಲ್ಲಿ ಹೋದರೂ ತಮಾರ್. ವಾರ್ಡ್ಜಿಯದ ಗುಹಾ ಚರ್ಚಿನ ಗೋಡೆಯಲ್ಲಿ ಅಪ್ಪ ಮೂರನೇ ಗಿಯೋರ್ಗಿಯ ಜೊತೆ ನಿಂತಿದ್ದಾಳೆ. ಅವಳಿಗೊಬ್ಬ ದೊಡ್ಡಪ್ಪನ ಮಗನಿದ್ದ, ಹೆಸರು ದೆಮ್ನಾ. ಅವನದೊಂದು ಗುರುತೂ ಟಿಬಿಲಿಸಿಯಲ್ಲಿ ನನಗೆ ಸಿಗಲಿಲ್ಲ. ದುಬೈನಿಂದ ನಾಲ್ಕು ದಿನದ ರಜೆಗೆ ಬಂದವನು, ಒಂದು ದಿನವನ್ನು ಅವನಿಗೇ ಕೊಡೋಣ ಅಂದುಕೊಂಡೆ.

ಅವನ ಕಥೆ ಮುಗಿದ ಜಾಗ ಈಗ ಬೇರೆ ದೇಶದಲ್ಲಿದೆ. ಅರ್ಮೇನಿಯದ ಲೋರಿ ಕೋಟೆ. ಬೆಳಿಗ್ಗೆ ಟ್ಯಾಕ್ಸಿ ಹಿಡಿದು ಸದಾಖ್ಲೋ ಗಡಿಗೆ ಬಂದೆ. ಅಲ್ಲಿ ಡ್ರೈವರ್ ಇಂಜಿನ್ ಆಫ್ ಮಾಡಿ, ಈ ಕಾರಿಗೆ ಆಚೆ ಹೋಗುವ ಪೇಪರ್ ಇಲ್ಲ ಅಂದುಬಿಟ್ಟ. ಹೊರಡುವಾಗ ಕೇಳಿದ್ದೆ, ಇದೆ ಅಂದಿದ್ದ. ಜಗಳಕ್ಕೆ ಭಾಷೆಯಾದರೂ ಬರಬೇಕಲ್ವಾ? ಚಕ್ರದ ಬ್ಯಾಗು ಎಳೆದುಕೊಂಡು ನಡೆದೇ ಗಡಿ ದಾಟಿದೆ. ಆಚೆ ಸಿಕ್ಕ ಕಾರು ಹಳೆಯದು, ಡ್ರೈವರ್ ಇನ್ನೂ ಹಳಬ. ದೆಬೆದ್ ನದಿಯ ಕಣಿವೆ ಹಿಡಿದು ಹೋದೆವು. ದಾರಿಯಲ್ಲಿ ಸಿಗುವ ಹಘ್‌ಪಾತ್, ಸನಾಹಿನ್ ಮಠಗಳು ವಿಶ್ವ ಪರಂಪರೆಯ ಪಟ್ಟಿಯಲ್ಲಿರುವಂಥವು. ಹೊತ್ತಾಗಿತ್ತು ಅಂತ ಎರಡನ್ನೂ ಬಿಟ್ಟೆ. ಈಗಲೂ ಹೊಟ್ಟೆ ಉರಿಯುತ್ತದೆ.

ಕಾರಿನಲ್ಲಿ ಕೂತು ಕಥೆಯನ್ನು ಮತ್ತೆ ಜೋಡಿಸಿಕೊಂಡೆ. ದೆಮ್ನಾ ಅಂದರೆ ದೆಮೆತ್ರೆ. ನಮ್ಮಲ್ಲಿ ಇಡುವ ಹಾಗೆ ತಾತನ ಹೆಸರು. ತಾತ ಮೊದಲನೇ ದೆಮೆತ್ರೆಗೆ ಇಬ್ಬರು ಗಂಡುಮಕ್ಕಳು, ಹಿರಿಯ ದವಿತ್, ಕಿರಿಯ ಗಿಯೋರ್ಗಿ. 1155ರಲ್ಲಿ ದವಿತ್ ಅಪ್ಪನನ್ನು ಇಳಿಸಿ ತಾನೇ ಗದ್ದುಗೆ ಏರಿದ. ಅಪ್ಪ ಸನ್ಯಾಸಿಯಾದ. ಆರು ತಿಂಗಳಿಗೆಲ್ಲ ಮಗ ಸತ್ತ. ಮುದುಕ ವಾಪಸ್ ಬಂದು ಕಿರಿಯವನಿಗೆ ಕಿರೀಟ ತೊಡಿಸಿ, 1156ರಲ್ಲಿ ತಾನೂ ಕಣ್ಮುಚ್ಚಿದ. ದವಿತನ ಮಗ ದೆಮ್ನಾ ಆಗಿನ್ನೂ ಚಿಕ್ಕವನು. ಅವನು ದೊಡ್ಡವನಾಗುವ ತನಕ ಮಾತ್ರ ಚಿಕ್ಕಪ್ಪ ರಾಜ್ಯ ನೋಡಿಕೊಳ್ಳಬೇಕಿತ್ತು ಅಂತ ಅರ್ಮೇನಿಯದ ಬರಹಗಳು ಹೇಳುತ್ತವೆ. ನೋಡಿಕೊಳ್ಳುತ್ತಾ 21 ವರ್ಷ ಆಯಿತು. ಆಸ್ತಿ ನೋಡಿಕೊಳ್ಳಲು ಬಂದ ಚಿಕ್ಕಪ್ಪಂದಿರ ಕಥೆ ನಮಗೇನು ಹೊಸದಲ್ಲ ಬಿಡಿ.

1177ರಲ್ಲಿ ದೆಮ್ನಾ ತಿರುಗಿಬಿದ್ದ. ಬೆನ್ನಿಗೆ ನಿಂತವನು ಮಾವ, ಅಂದರೆ ಹೆಂಡತಿಯ ಅಪ್ಪ ಇವಾನೆ ಒರ್ಬೆಲಿ. ರಾಜ್ಯದ ಸೇನಾಪತಿ. ಅವನ ಹುದ್ದೆಯ ಹೆಸರು 'ಅಮೀರ್‌ಸ್ಪಸಲಾರ್'. ಅದರೊಳಗೆ ನಮ್ಮ ಸಿಪಾಯಿಯ ಪಾರಸಿ ಬೇರೂ ಇದೆ. ಆದರೆ ಕಥೆಯ ಕೊಂಕು ಬೇರೆ ಕಡೆ ಇದೆ. ದವಿತನನ್ನು ಕೊಂದವರು ಒರ್ಬೆಲಿಗಳೇ, ಗಿಯೋರ್ಗಿಯ ಜೊತೆ ಒಳಗೊಳಗೇ ಮಾತಾಡಿಕೊಂಡು, ಅಂತ ವರ್ದಾನ್ ಎಂಬ ಅರ್ಮೇನಿಯದ ಇತಿಹಾಸಕಾರ ಬರೆದಿದ್ದಾನೆ. ಅವನು ಆರೋಪಿಸುವವರಲ್ಲಿ ಇದೇ ಇವಾನೆಯೂ ಇದ್ದಾನೆ! ಅದು ನಿಜವಾದರೆ, ಅಪ್ಪನನ್ನು ಮುಗಿಸಿದವನೇ ಮಗನಿಗೆ ಮಗಳನ್ನು ಕೊಟ್ಟು ಪಟ್ಟ ಕೊಡಿಸಲು ಹೊರಟಿದ್ದ. ಮಗನಿಗೆ ಗೊತ್ತಿತ್ತಾ? ಕಣಿವೆಯ ತಿರುವುಗಳಲ್ಲೆಲ್ಲ ನನಗೆ ಅದೇ ಯೋಚನೆ.

ಸ್ತೆಪಾನವಾನ್ ಪಟ್ಟಣದಿಂದ ಸ್ವಲ್ಪ ಆಚೆಗೆ, ಹುಲ್ಲುಗಾವಲಿನ ಕೊನೆಯಲ್ಲಿ ಕೋಟೆ. ದೂರದಿಂದ ಏನೂ ಅನಿಸಲ್ಲ. ಸಮತಟ್ಟು ಬಯಲು, ಅದಕ್ಕೆ ಅಡ್ಡಲಾಗಿ ಒಂದು ಕಲ್ಲಿನ ಗೋಡೆ, ದುಂಡನೆ ಬುರುಜುಗಳು, ಅಷ್ಟೇ. ಒಳಗೆ ಹೋಗಿ ಅಂಚಿಗೆ ನಿಂತಾಗ ಗೊತ್ತಾಗುತ್ತದೆ. ನೆಲ ಥಟ್ಟನೆ ಮುಗಿದುಹೋಗುತ್ತದೆ. ಒಂದು ಕಡೆ ಜೋರಾಗೆತ್ ನದಿಯ ಕಮರಿ, ಇನ್ನೊಂದು ಕಡೆ ಉರುತ್ ಹೊಳೆಯದು. ಎರಡೂ ಸೇರುವಲ್ಲಿ ಬೆಣೆಯಂತೆ ಚಾಚಿದ ಬಂಡೆಯ ಮೇಲೆ ಕೋಟೆ. ಗೋಡೆ ಬೇಕಿರುವುದು ಒಂದೇ ಬದಿಗೆ. 11ನೇ ಶತಮಾನದಲ್ಲಿ ಇಲ್ಲಿ ರಾಜಧಾನಿ ಮಾಡಿಕೊಂಡ ಅರ್ಮೇನಿಯನ್ ಅರಸರ ಲೆಕ್ಕ ಸರಿಯಾಗಿಯೇ ಇತ್ತು.

ಶತ್ರು ಒಳಗೆ ಬರಲಾರ, ಸರಿ. ಒಳಗೆ ಸೇರಿಕೊಂಡಿದ್ದ ದೆಮ್ನಾನೂ ಹೊರಗೆ ಹೋಗಲಾರ. ಗಿಯೋರ್ಗಿಯ ಕಡೆ ಕಿಪ್ಚಾಕ್ ಕುದುರೆ ಸವಾರರಿದ್ದರು. ಬಯಲಿನ ಕಡೆಯಿಂದ ಮುತ್ತಿಗೆ ಹಾಕಿ ಕೂತರು. ಇವಾನೆಯ ತಮ್ಮ ಲಿಪಾರಿತ್ ಇಬ್ಬರು ಮಕ್ಕಳನ್ನು ಕರೆದುಕೊಂಡು, ಇಂದಿನ ಅಜರ್ಬೈಜಾನ್ ಕಡೆಯ ಎಲ್ದಿಗೂಜ್ ಅತಾಬೆಗ್‌ಗಳ, ಅಂದರೆ ಅಲ್ಲಿ ಆಳುತ್ತಿದ್ದ ಮನೆತನದವರ ನೆರವು ಕೇಳಲು ಹೋದ. ನೆರವು ಹೊತ್ತಿಗೆ ಬರಲಿಲ್ಲ. ಜೊತೆಗಿದ್ದ ದೊರೆಗಳು ಒಬ್ಬೊಬ್ಬರಾಗಿ ರಾಜನ ಕಡೆ ಜಾರಿದರು. ಕೊನೆಗೆ ದೆಮ್ನಾನೂ ಹೋಗಿ ಚಿಕ್ಕಪ್ಪನ ಮುಂದೆ ಶರಣಾದ. ಚಿಕ್ಕಪ್ಪ ಅವನ ಕಣ್ಣು ಕೀಳಿಸಿದ. ಬೀಜ ಒಡೆಸಿದ. ಹುಡುಗ ಹೆಚ್ಚು ದಿನ ಬದುಕಲಿಲ್ಲ. ಇವಾನೆಯ ಕಣ್ಣೂ ಹೋಯಿತು, ಅವನ ಕುಲವನ್ನು ಹುಡುಕಿ ಹುಡುಕಿ ಕೊಂದರು. ಮರುವರ್ಷ, 1178ರಲ್ಲಿ, ಗಂಡುಮಕ್ಕಳಿಲ್ಲದ ಗಿಯೋರ್ಗಿ ತಮಾರ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಿರೀಟ ತೊಡಿಸಿದ. ಅವಳನ್ನು ದೂರುವಂತಿಲ್ಲ, ಆಗಿನ್ನೂ ಹದಿಹರೆಯದ ಹುಡುಗಿ.

ಇಷ್ಟು ವಿವರ ನಮಗೆ ಸಿಗುವುದಕ್ಕೆ ಕಾರಣ ಹೊರಗೆ ಉಳಿದುಕೊಂಡ ಆ ಲಿಪಾರಿತನ ಸಂತತಿ. ಅದರಲ್ಲಿ ಹುಟ್ಟಿದ ಬಿಷಪ್ ಸ್ತೆಪಾನೋಸ್ ಒರ್ಬೆಲಿಯನ್, ನೂರು ವರ್ಷಕ್ಕೂ ಜಾಸ್ತಿ ಕಳೆದ ಮೇಲೆ, ಮನೆತನದ ಕಡೆಯಿಂದ ಇದನ್ನೆಲ್ಲ ಬರೆದಿಟ್ಟ. ಸೋತವರ ಮೊಮ್ಮಕ್ಕಳು ಬರೆದ ಇತಿಹಾಸ. ಅವನ ಮಾತನ್ನು ಒಂಚೂರು ಅನುಮಾನ ಇಟ್ಟುಕೊಂಡೇ ಓದುತ್ತೇನೆ, ಆದರೂ ಓದುತ್ತೇನೆ.

ಈಗ ಕೋಟೆಯೊಳಗೆ ಮೊಣಕಾಲೆತ್ತರ ಹುಲ್ಲು. ಕುಳ್ಳಗಿನ ಒಂದು ಕಲ್ಲಿನ ಕಟ್ಟಡ, ಸ್ನಾನದ ಮನೆಯ ಅವಶೇಷ, ಮೇಯುತ್ತಿದ್ದ ಎರಡು ಹಸು. ಬೇಲಿಯಿಲ್ಲದ ಅಂಚಿನಲ್ಲಿ ಒಂದು ಹಸು ಕತ್ತು ಚಾಚಿ, ಪಾತಾಳದ ಮೇಲೆ ತೂಗುತ್ತಿದ್ದ ಹುಲ್ಲು ಕೀಳುತ್ತಿತ್ತು. ನನ್ನ ಕಾಲು ನಡುಗಿತು, ಅದರದ್ದಲ್ಲ.

ಕೆಳಗೆ ಹೊಳೆಗೆ ಒಂದು ಹಳೇ ಕಲ್ಲಿನ ಸೇತುವೆಯಿದೆ, ಒಂದೇ ಕಮಾನಿನದು. ಅಲ್ಲಿಗೆ ಕಾಲುದಾರಿ ಕಂಡಿತು. ಸುಮ್ನೆ ಇಳಿದುಬಿಟ್ಟೆ. ಇಳಿಯುವುದು ಹತ್ತು ಹದಿನೈದು ನಿಮಿಷ. ಸೇತುವೆಯ ಮೇಲೆ ಕೂತು, ಬ್ಯಾಗಿನಲ್ಲಿ ಉಳಿದಿದ್ದ ಬೆಳಗಿನ ಪುರಿ ತಿಂದೆ. ಅಷ್ಟು ಹೊತ್ತಿಗೆ ಅದು ರಬ್ಬರ್ ಆಗಿತ್ತು. ಮೇಲೆ ಬಯಲಿನ ಕಡೆಯಿಂದ ಡ್ರೈವರ್ ಹಾರ್ನ್ ಹೊಡೆಯತೊಡಗಿದ. ಹತ್ತಿಬರಲು ಮುಕ್ಕಾಲು ಗಂಟೆ ಹಿಡಿಯಿತು.