ದೆಬೋರಳ ಹಾಜರಿ ಪಟ್ಟಿ

ಇಸ್ರೇಲಿನ ತಾಬೋರ್ ಬೆಟ್ಟಕ್ಕೆ ದೊಡ್ಡ ಬಸ್ಸು ಹತ್ತುವುದಿಲ್ಲ. ತಿರುವುಗಳು ಅಷ್ಟು ಕಡಿದು. ಕೆಳಗೇ ಇಳಿದು ಸಣ್ಣ ವ್ಯಾನು ಹಿಡಿಯಬೇಕು. ಬೆಂಗಳೂರಿನಿಂದ ನಮ್ಮ ಜೊತೆ ಬಂದಿದ್ದ ಯಾತ್ರೆಯ ಗುಂಪಿನಲ್ಲಿ ಅರ್ಧ ಜನ ಕಣ್ಣು ಮುಚ್ಚಿಕೊಂಡೇ ಮೇಲೆ ಬಂದರು. ಗೈಡು ಯೇಸುವಿನ ರೂಪಾಂತರದ ಕಥೆ ಹೇಳಿದ, 1924ರಲ್ಲಿ ಕಟ್ಟಿ ಮುಗಿಸಿದ ಚರ್ಚು ತೋರಿಸಿದ, ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆದ, ಮತ್ತೆ ವ್ಯಾನಿಗೆ ಹತ್ತಿಸಿದ. ಹಳೆಯ ಒಡಂಬಡಿಕೆಯ ನಾಯಕಿ ದೆಬೋರಳ ಹೆಸರೇ ಎತ್ತಲಿಲ್ಲ.

ನನಗೆ ಅದು ಸಹಿಸಲಾಗಲಿಲ್ಲ. ಈ ಬೆಟ್ಟ ಹೊಸ ಒಡಂಬಡಿಕೆಗೂ ಮೊದಲು ಅವಳದ್ದು, ಅಲ್ವಾ? ಗುಂಪು ಊರಿಗೆ ವಿಮಾನ ಹತ್ತಿದ ಮೇಲೆ ನಾನು, ನನ್ನ ಹೆಂಡತಿ ನಜರೇತಿನಲ್ಲೇ ಉಳಿದು ಮತ್ತೆ ಮೇಲೆ ಹೋದೆವು. ಅದು 2019ರ ಮಾರ್ಚ್. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಚರ್ಚು ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬೆಳಿಗ್ಗೆಯೇ ಹೋಗಿ. ಚರ್ಚಿನ ಒಳಗೆ ಎಲ್ಲ ಬಂಗಾರದ ಬಣ್ಣ, ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸಿತು. ನೋಡಬೇಕಾದದ್ದು ಹೊರಗೆ, ದಕ್ಷಿಣದ ಅಂಚಿನಲ್ಲಿ ನಿಂತರೆ ಕಾಣುವುದು.

ಅಲ್ಲಿ ನಿಂತಾಗ ಬೆರಗಾದದ್ದು ಜಾಗದ ದೊಡ್ಡತನಕ್ಕಲ್ಲ, ಸಣ್ಣತನಕ್ಕೆ. ಸಂಡೇ ಸ್ಕೂಲಿನಲ್ಲಿ ಕೇಳಿದ್ದ ಯುದ್ಧಗಳನ್ನೆಲ್ಲ ನಾನು ಕುರುಕ್ಷೇತ್ರದ ಅಳತೆಯಲ್ಲಿ ಕಲ್ಪಿಸಿಕೊಂಡಿದ್ದೆ. ಇಲ್ಲಿ ನೋಡಿದರೆ ಇಜ್ರೇಲ್ ಕಣಿವೆ ಪೂರ್ತಿ ಕಾಲ ಬುಡದಲ್ಲೇ ಇದೆ. ಎದುರಿಗೆ ಮೋರೆ ಗುಡ್ಡ. ಅದರ ಆಚೆ ಗಿಲ್ಬೋವ. ಬಲಕ್ಕೆ ನಜರೇತಿನ ದಿಣ್ಣೆಗಳು, ಅದರಾಚೆ ಮಬ್ಬಾಗಿ ಕರ್ಮೆಲ್. ದೆಬೋರ, ಅವಳ ನಂತರದ ಗಿದ್ಯೋನ, ಮೊದಲ ರಾಜ ಸೌಲ, ಎಲ್ಲರ ಕಥೆಯೂ ಒಂದೇ ನೋಟದಲ್ಲಿ ಮುಗಿದು ಹೋಗುತ್ತದೆ.

ಕಥೆ ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ. ಇಸ್ರಾಯೇಲರಿಗೆ ಆಗ ರಾಜ ಇರಲಿಲ್ಲ. ಕುಲಗಳಿದ್ದವು. ಕಷ್ಟ ಬಂದಾಗ ಯಾರೋ ಒಬ್ಬರು ಎದ್ದು ನಿಲ್ಲುತ್ತಿದ್ದರು. ಕನ್ನಡ ಬೈಬಲಿನಲ್ಲಿ ಅವರನ್ನು ನ್ಯಾಯಸ್ಥಾಪಕರು ಎನ್ನುತ್ತಾರೆ. ದೆಬೋರಳು ಎಫ್ರಾಯೀಮ್ ಬೆಟ್ಟದ ಸೀಮೆಯಲ್ಲಿ ಖರ್ಜೂರದ ಮರದ ಕೆಳಗೆ ಕೂತು ಜನರ ವ್ಯಾಜ್ಯ ತೀರಿಸುತ್ತಿದ್ದವಳು. ಕಾನಾನ್ಯರ ದಳವಾಯಿ ಸೀಸೆರನ ಬಳಿ 900 ಕಬ್ಬಿಣದ ರಥ. ಇವಳು ನಫ್ತಾಲಿಯ ಬಾರಾಕನನ್ನು ಕರೆಸಿ, ಹತ್ತು ಸಾವಿರ ಜನ ಸೇರಿಸಿಕೊಂಡು ತಾಬೋರಿಗೆ ಹೋಗು ಅಂದಳು. ಅವನ ಉತ್ತರ ನನಗೆ ಇಷ್ಟ. ನೀನು ಬಂದರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ. ಬೆಟ್ಟದ ಮೇಲೆ ರಥ ಹತ್ತುವುದಿಲ್ಲ, ಕೆಳಗಿನ ಬಯಲಿನಲ್ಲಿ ಮಳೆ ಬಂದರೆ ಓಡುವುದಿಲ್ಲ. ಮೋಡ ಸುರಿಯಿತು, ಕೀಷೋನ್ ಹೊಳೆ ಕೊಚ್ಚಿಕೊಂಡು ಹೋಯಿತು ಎಂದು ಬೈಬಲಿನಲ್ಲಿರುವ ದೆಬೋರಳ ಹಾಡೇ ಹೇಳುತ್ತದೆ. ಹಿಂದಿನ ರಾತ್ರಿಯ ಮಳೆಗೆ ಬೆಟ್ಟದ ಬುಡದ ಹೊಲದಲ್ಲಿ ನನ್ನ ಶೂ ಎರಡು ಸಲ ಕಚ್ಚಿಕೊಂಡಿತ್ತು. ಜಿಗುಟು ಎರೆಮಣ್ಣು, ಕಿತ್ತರೂ ಬಿಡದು. 900 ರಥಕ್ಕೆ ಏನಾಗಿರಬಹುದು ಎಂದು ಬೇರೆ ವಿವರಣೆ ಬೇಕಾಗಲಿಲ್ಲ.

ಆಮೇಲೆ ಆ ಶುಕ್ರವಾರ. ಹೇಳದೆ ಇರಲಾರೆ. ನಾವು ಇಳಿದುಕೊಂಡಿದ್ದ ಕಡೆ ಒಬ್ಬ ಮಹಾಶಯ, ಅಫುಲಾದಿಂದ ಸಂಜೆಯವರೆಗೂ ಬಸ್ಸಿದೆ, ಆರಾಮಾಗಿ ಹೋಗಿ ಬನ್ನಿ ಎಂದಿದ್ದ. ಅಫುಲಾ ಈ ಕಣಿವೆಯ ಮುಖ್ಯ ಪೇಟೆ. ಮಧ್ಯಾಹ್ನ ಮೂರೂವರೆಗೆ ಬಸ್ ನಿಲ್ದಾಣಕ್ಕೆ ಬಂದರೆ ನರಪಿಳ್ಳೆ ಇಲ್ಲ. ಶುಕ್ರವಾರ ಸಂಜೆ ಶುರುವಾಗುವ ಯೆಹೂದ್ಯರ ವಿಶ್ರಾಂತಿ ದಿನ ಸಬ್ಬತ್ತಿಗೆ ಎಲ್ಲ ನಿಂತುಹೋಗಿದೆ. ಬಸ್ಸೂ ಇಲ್ಲ, ರೈಲೂ ಇಲ್ಲ, ಅಂಗಡಿಗಳು ಒಂದೊಂದಾಗಿ ಷಟರ್ ಎಳೆಯುತ್ತಿವೆ. ಶುಕ್ರವಾರ ಮಧ್ಯಾಹ್ನದ ಮೇಲೆ ಯಾರು ಏನೇ ಹೇಳಲಿ, ದೂರ ಹೊರಡಬೇಡಿ. ಟ್ಯಾಕ್ಸಿಯವರು ಆಗ ಬಾಯಿಗೆ ಬಂದ ರೇಟು ಹೇಳುತ್ತಾರೆ. ಕೊನೆಗೆ ಅದನ್ನೇ ಕೊಟ್ಟೆವು.

ಟ್ಯಾಕ್ಸಿ ಬರಲು ಒಂದು ಗಂಟೆ ಎಂದರು. ಮುಚ್ಚುತ್ತಿದ್ದ ಅಂಗಡಿಯಿಂದ ಫಲಾಫೆಲ್ ಮತ್ತು ಹುರಿದ ಸೂರ್ಯಕಾಂತಿ ಬೀಜ ಕಟ್ಟಿಸಿಕೊಂಡೆವು. ಅಫುಲಾ ಇವೆರಡಕ್ಕೂ ಹೆಸರುವಾಸಿ. ಫಲಾಫೆಲ್ ನಮ್ಮ ಮಸಾಲೆ ವಡೆಯ ದೂರದ ನೆಂಟ, ಅಷ್ಟೇ. ಬೀಜ ಮಾತ್ರ ಬಾಯಿ ಬಿಡಲಿಲ್ಲ. ಬೆಂಚಿನಲ್ಲಿ ಕೂತು ಸಿಪ್ಪೆ ಉಗುಳುತ್ತಾ ಆ ಮಹಾಶಯನನ್ನು ಕನ್ನಡದಲ್ಲಿ ಬೈಯುತ್ತಿದ್ದಾಗ ಪಕ್ಕದಿಂದ ಒಂದು ದನಿ.

"ಎಂತ ಮಾರಾಯ್ರೆ, ಬಸ್ಸು ತಪ್ಪಿತಾ?"

ಗಾಲಿಕುರ್ಚಿಯಲ್ಲಿ ಒಬ್ಬ ಮುದುಕಿ. ಅದನ್ನು ತಳ್ಳಿಕೊಂಡು ಬಂದಿದ್ದ ನಮ್ಮ ಕರಾವಳಿಯ ಹೆಂಗಸು. ಮಂಗಳೂರು, ಉಡುಪಿ ಕಡೆಯವರು ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಬಹಳ ಮಂದಿ ಹೋಗಿದ್ದಾರೆ ಎಂದು ಗೊತ್ತಿತ್ತು. ಆದರೂ ಅಫುಲಾದ ಬೆಂಚಿನಲ್ಲಿ "ಮಾರಾಯ್ರೆ" ಕೇಳಿದಾಗ ನನ್ನ ಹೆಂಡತಿ ಎದ್ದೇ ನಿಂತಳು. ಅಕ್ಕ ಹೀಬ್ರೂ ಚೆನ್ನಾಗಿ ಕಲಿತಿದ್ದರು. ಮುದುಕಿಯನ್ನು ಸಾಫ್ತಾ ಎನ್ನುತ್ತಿದ್ದರು, ಅಜ್ಜಿ ಅಂತ.

ತಾಬೋರಿಗೆ ಹೋಗಿದ್ದೆವು ಎಂದು ತಿಳಿದು ಸಾಫ್ತಾ ಚುರುಕಾದರು. ದೇವರು ದಿಂಡರು ಏನನ್ನೂ ನಂಬದವರಂತೆ. ಆದರೆ ದೆಬೋರಳ ಹಾಡು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರಂತೆ. ಬೆರಳು ಮಡಚುತ್ತಾ ಶುರು ಮಾಡಿದರು. ನ್ಯಾಯಸ್ಥಾಪಕರು ಪುಸ್ತಕದ ಐದನೇ ಅಧ್ಯಾಯ, ಇಡೀ ಹೀಬ್ರೂ ಬೈಬಲಿನ ತುಂಬ ಹಳೆಯ ಭಾಗಗಳಲ್ಲಿ ಒಂದು ಎಂದು ಅನೇಕ ವಿದ್ವಾಂಸರು ಹೇಳುವ ಹಾಡು. ಅದರಲ್ಲಿ ಯುದ್ಧಕ್ಕೆ ಯಾವ ಕುಲ ಬಂತು, ಯಾವುದು ಬರಲಿಲ್ಲ ಎಂಬ ಪಟ್ಟಿ ಇದೆ. ಅಕ್ಕ ಒಂದೊಂದೇ ಸಾಲು ಕನ್ನಡಕ್ಕೆ ತರುತ್ತಿದ್ದರು.

"ಎಫ್ರಾಯೀಮ್ ಬಂತು, ಬೆನ್ಯಾಮೀನ್ ಬಂತು, ಮಾಕೀರ್, ಜೆಬುಲೂನ್, ಇಸ್ಸಾಕಾರ್, ನಫ್ತಾಲಿ ಬಂದ್ರು. ರೂಬೇನಿನವರು ಬರಬೇಕಾ ಬೇಡವಾ ಅಂತ ಯೋಚಿಸಿಕೊಂಡು ಕುರಿ ಹಟ್ಟಿಯಲ್ಲೇ ಕೂತ್ರಂತೆ, ಕುರುಬರ ಕೊಳಲು ಕೇಳಿಕೊಂಡು. ಗಿಲ್ಯಾದ್ ಹೊಳೆ ದಾಟಲಿಲ್ಲ. ದಾನ್ ಹಡಗಿನ ಹತ್ತಿರವೇ. ಆಶೇರ್ ಸಮುದ್ರ ಬದಿಯಲ್ಲಿ ಆರಾಮ."

"ಯೆಹೂದ?" ಎಂದೆ.

ಸಾಫ್ತಾ ಕೈ ಬೀಸಿದರು. ಹೆಸರೇ ಇಲ್ಲ. ಮುಂದೆ ರಾಜ ದಾವೀದನ ಮನೆತನ ಬಂದ ಕುಲ, ಇಲ್ಲಿ ಲೆಕ್ಕಕ್ಕೇ ಇಲ್ಲ!

ಆಮೇಲೆ ಅವರು ಹೇಳಿದ್ದನ್ನು ಅಕ್ಕ ನಿಧಾನಕ್ಕೆ ಹೇಳಿದರು. "ದೆಬೋರಳ ಹತ್ರ ಪೊಲೀಸು ಇರ್ಲಿಲ್ಲ, ತೆರಿಗೆ ಇರ್ಲಿಲ್ಲ, ಸಂಬಳ ಕೊಡ್ಲಿಕ್ಕೆ ದುಡ್ಡು ಇರ್ಲಿಲ್ಲ. ಕರೀಬಹುದಿತ್ತು ಅಷ್ಟೆ. ಬರದಿದ್ರೆ ಎಂತ ಮಾಡುದು? ಹಾಡಲ್ಲಿ ಹಾಕಿದ್ಳು. ಮೂರು ಸಾವಿರ ವರ್ಷದಿಂದ ಮಕ್ಕಳು ಶಾಲೆಯಲ್ಲಿ ರೂಬೇನನನ್ನು ಬೈತಾ ಇದ್ದಾರೆ."

ಇಷ್ಟು ದಿನ ಈ ನಾಯಕರನ್ನು ನಾನು ಸಣ್ಣ ರಾಜರು ಎಂದೇ ತಿಳಿದಿದ್ದೆ. ಹಾಗಲ್ಲ. ಕರೆದರೆ ಜನ ಬಂದಾರೋ ಇಲ್ಲವೋ ಎಂಬುದೇ ಅವರ ದೊಡ್ಡ ತಲೆನೋವು. ವೈರಿ ಎರಡನೆಯದು.

ಹಾಡಿನ ಕೊನೆಗೆ ಬಂದಾಗ ಸಾಫ್ತಾ ಮಾತು ನಿಲ್ಲಿಸಿದರು. ಸೋತು ಓಡಿದ ಸೀಸೆರನನ್ನು ಯಾಯೇಲಳು ಗುಡಾರಕ್ಕೆ ಕರೆದು, ಹಾಲು ಕೊಟ್ಟು, ತಲೆಗೆ ಗೂಟ ಹೊಡೆದು ಕೊಂದಳು. ಅದಾದ ಮೇಲೆ ಹಾಡು ಸೀಸೆರನ ತಾಯಿಯ ಕಿಟಕಿಗೆ ಹೋಗುತ್ತದೆ. ಮಗನ ರಥ ಯಾಕೆ ಇನ್ನೂ ಬರಲಿಲ್ಲ ಎಂದು ಅವಳು ಕಾಯುತ್ತಿದ್ದಾಳೆ. ದೆಬೋರಳಿಗೆ ಕರುಣೆ ಇಲ್ಲ, ಇದನ್ನು ಹಾಡಬಾರದಿತ್ತು ಎಂದರು ಸಾಫ್ತಾ. ಅವರ ಇಬ್ಬರು ಗಂಡು ಮಕ್ಕಳೂ ಸೈನ್ಯದಲ್ಲಿದ್ದು ಬಂದವರು.

ನನ್ನ ಹೆಂಡತಿ ಸುಮ್ಮನಿರಲಿಲ್ಲ. "ಅಕ್ಕ, ಕೇಳಿ ಅವರನ್ನ. ಆ ತಾಯಿ ತನಗೆ ತಾನೇ ಏನಂತ ಸಮಾಧಾನ ಹೇಳ್ಕೊಳ್ತಾಳೆ? ಕೊಳ್ಳೆ ಹಂಚ್ಕೊಳ್ತಿರಬೇಕು, ಒಬ್ಬೊಬ್ಬ ಗಂಡಸಿಗೆ ಒಬ್ಬಳೋ ಇಬ್ಬರೋ ಹುಡುಗಿಯರು ಅಂತ. ಆ ಹುಡುಗಿಯರಿಗೂ ತಾಯಿ ಇರಲ್ವಾ? ದೆಬೋರಳೂ ಹೆಂಗಸು, ಗೊತ್ತಿದ್ದೇ ಹಾಡಿದ್ದಾಳೆ."

ಅಕ್ಕ ಅದನ್ನು ಹೀಬ್ರೂಗೆ ಹೇಳಿದರು. ಸಾಫ್ತಾ ಜೋರು ಜೋರಾಗಿ ಏನೋ ಉತ್ತರ ಕೊಟ್ಟರು, ನಡುವೆ ಎರಡು ಸಲ ಕುರ್ಚಿಯ ಕೈ ತಟ್ಟಿದರು. ಅಕ್ಕ ನಕ್ಕು, "ಇದನ್ನೆಲ್ಲ ಹೇಳ್ಲಿಕ್ಕೆ ಆಗುದಿಲ್ಲ" ಎಂದರು. ಅಷ್ಟರಲ್ಲಿ ಟ್ಯಾಕ್ಸಿ ಬಂತು. ಜಗಳ ಅರ್ಧಕ್ಕೇ ನಿಂತಿತು.

ಮಧ್ಯದ ದಿನಗಳಲ್ಲಿ ಬರೆಯುವಂಥದ್ದು ಏನೂ ಇಲ್ಲ. ಗಿಲ್ಬೋವದ ಬುಡದ ಹರೋದ್ ಬುಗ್ಗೆಗೆ ಹೋದೆವು. ಗುಹೆಯಿಂದ ನೀರು ಬರುತ್ತದೆ, ಮುಂದೆ ಹುಲ್ಲುಹಾಸು, ಈಜುಕೊಳ, ಪಿಕ್‌ನಿಕ್ ಗಲಾಟೆ. ದೆಬೋರಳ ನಂತರದ ನ್ಯಾಯಸ್ಥಾಪಕ ಗಿದ್ಯೋನ ಯುದ್ಧಕ್ಕೆ ಬಂದ 32,000 ಜನರನ್ನು 300ಕ್ಕೆ ಇಳಿಸಿದ ಜಾಗ. ಕೈಯಲ್ಲಿ ನೀರೆತ್ತಿ ನೆಕ್ಕಿದವರು ಎಚ್ಚರಿಕೆಯ ಯೋಧರು, ಅದಕ್ಕೇ ಆರಿಸಿದ ಎಂದು ನಮ್ಮ ಪಾದ್ರಿಗಳು ಪ್ರಸಂಗ ಮಾಡುತ್ತಾರೆ. ಪುಸ್ತಕದಲ್ಲಿ ಆ ಮಾತಿಲ್ಲ. ಜನ ಜಾಸ್ತಿ ಇದ್ದರೆ ನಮ್ಮ ಕೈಯೇ ಗೆದ್ದಿತು ಎಂದು ಜಂಬ ಪಡುತ್ತೀರಿ ಎಂದಷ್ಟೇ ಇದೆ. ಗೆದ್ದ ಮೇಲೆ ಎಫ್ರಾಯೀಮಿನವರು, ನಮ್ಮನ್ನು ಯಾಕೆ ಮೊದಲೇ ಕರೆಯಲಿಲ್ಲ ಎಂದು ಗಿದ್ಯೋನನ ಮೇಲೆ ಮುಗಿಬೀಳುತ್ತಾರೆ. ಕರೆದರೆ ಕೆಲವರು ಬರುವುದಿಲ್ಲ, ಕರೆಯದಿದ್ದರೆ ಸಿಟ್ಟು. ನಿಮ್ಮ ಹಕ್ಕಲು ದ್ರಾಕ್ಷಿ ನಮ್ಮವರ ಸುಗ್ಗಿಗಿಂತ ಮೇಲು ಎಂದು ಅವನು ಬೆಣ್ಣೆ ಹಚ್ಚಿ ಬಚಾವಾದ. ಮುಂದೆ ಬಂದ ಇನ್ನೊಬ್ಬ ನ್ಯಾಯಸ್ಥಾಪಕ ಯೆಪ್ತಾಹನಿಗೆ ಆ ನಾಲಿಗೆ ಇರಲಿಲ್ಲ. ಅದೇ ಎಫ್ರಾಯೀಮಿನ 42,000 ಜನ ಯೊರ್ದನಿನ ಕಡವುಗಳಲ್ಲಿ ಸತ್ತರು ಎನ್ನುತ್ತದೆ ಪುಸ್ತಕ.

ಕೀಷೋನನ್ನು ಕೊನೆಗೆ ಹೈಫಾದಲ್ಲಿ ನೋಡಿದೆವು, ಸಮುದ್ರ ಸೇರುವ ಕಡೆ. ಕಾರ್ಖಾನೆಗಳ ನಡುವೆ ಹರಿಯುವ ಸಾಧಾರಣ ಹೊಳೆ. ಹಿಂದೆ ವಿಪರೀತ ಕೊಳಕಾಗಿತ್ತಂತೆ, ಈಗ ಪರವಾಗಿಲ್ಲ. ಇದರ ದಡದಲ್ಲಿ ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ತುರ್ಕರಿಂದ ಹೈಫಾ ಗೆಲ್ಲಲು ಬಂದ ಜೋಧಪುರ ಲಾನ್ಸರ್ಸ್ ಎಂಬ ಸವಾರ ಪಡೆಯ ಕುದುರೆಗಳು ಹುದುಲಿನಲ್ಲಿ ಸಿಕ್ಕಿಬಿದ್ದವು. ಸೀಸೆರನಿಗೆ ಆದದ್ದೇ. ಅವರು ತಕ್ಷಣ ಎಡಕ್ಕೆ ಹೊರಳಿ ಕರ್ಮೆಲ್ ಇಳಿಜಾರಿನ ಕಡೆಯಿಂದ ನುಗ್ಗಿದರು. ಬೆಟ್ಟ ಹತ್ತಿ ಮೇಲಿನ ಫಿರಂಗಿಗಳನ್ನು ಹಿಡಿದದ್ದು ನಮ್ಮ ಮೈಸೂರು ಲಾನ್ಸರ್ಸ್. ಅವರನ್ನು ಯಾರೂ ಹಾಡು ಹಾಡಿ ಕರೆದಿರಲಿಲ್ಲ, ಹುಕುಂ ಬಂದಿತ್ತು, ಹೋದರು. ಬರದೆ ಹಟ್ಟಿಯಲ್ಲಿ ಕೂರುವ ಅನುಕೂಲ ಅವರಿಗಿರಲಿಲ್ಲ.

ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಹೈದರಾಬಾದ್, ಜೋಧಪುರ, ಮೈಸೂರಿನ ಸವಾರರು. ಹೈಫಾಗೆ ಹೋದ ನಮ್ಮವರು ಬಹಾಯಿ ತೋಟದ ಮುಂದೆ ಸೆಲ್ಫಿ ತೆಗೆದುಕೊಂಡು ವಾಪಸ್ ಬಂದುಬಿಡುತ್ತಾರೆ. ತೋಟ ಚೆನ್ನಾಗಿಯೇ ಇದೆ. ಆದರೆ ಅದೇ ಊರಿನ ಭಾರತೀಯ ಸೈನಿಕರ ಸ್ಮಶಾನಕ್ಕೂ ಅರ್ಧ ಗಂಟೆ ಇಟ್ಟುಕೊಳ್ಳಿ. ಭಾನುವಾರದಿಂದ ಗುರುವಾರದೊಳಗೆ ಹೋಗಿ, ಶುಕ್ರವಾರ ಮಾತ್ರ ಬೇಡ.