ಡಗ್ಲಾಸ್ ಮನೆತನದ ಜಾಡು ಹಿಡಿದು ಸ್ಕಾಟ್ಲೆಂಡ್ ಪ್ರವಾಸ: ಯಾವ ಊರು ಮೊದಲು, ಯಾವುದು ಆಮೇಲೆ

ಎಡಿನ್‌ಬರಾದಿಂದ ಶುರು ಮಾಡಬೇಡಿ. ಮಧ್ಯಯುಗದ ಸ್ಕಾಟ್ಲೆಂಡಿನ ಪ್ರಬಲ ಸರದಾರ ಮನೆತನವಾದ ಡಗ್ಲಾಸ್‌ಗಳ ಏಳುಬೀಳು ಅರ್ಥವಾಗಬೇಕಾದರೆ ಮೊದಲು ಅವರ ಮೂಲ ಊರಿಗೇ ಹೋಗಬೇಕು. ಗ್ಲಾಸ್ಗೋ ಸೆಂಟ್ರಲ್‌ನಿಂದ ಲ್ಯಾನಾರ್ಕ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ, ಅಲ್ಲಿಂದ ಬಸ್ಸಿನಲ್ಲಿ ಡಗ್ಲಾಸ್ ಹಳ್ಳಿ. ದಾಖಲೆಗಳಲ್ಲಿ ಈ ಮನೆತನದ ಮೊದಲ ಹೆಸರು 12ನೇ ಶತಮಾನದ ಕೊನೆಯ ವಿಲಿಯಂ ಡಗ್ಲಾಸ್‌ನದು.

ಇಲ್ಲಿ ನೋಡಬೇಕಾದ್ದು ಸೇಂಟ್ ಬ್ರೈಡ್ಸ್ ಚರ್ಚ್. ಅದಕ್ಕೆ ಸಾಮಾನ್ಯವಾಗಿ ಬೀಗ ಹಾಕಿರುತ್ತದೆ. ಕೀಲಿ ಯಾರ ಬಳಿ ಸಿಗುತ್ತದೆಂದು ಮೊದಲೇ ವಿಚಾರಿಸದಿದ್ದರೆ ಹೊರಗೋಡೆ ನೋಡಿ ವಾಪಸ್ ಬರಬೇಕಾಗುತ್ತದೆ. ತೀರಿಹೋದ ಸ್ಕಾಟ್ಲೆಂಡ್ ರಾಜ ರಾಬರ್ಟ್ ಬ್ರೂಸ್‌ನ ಹೃದಯವನ್ನು ಹೊತ್ತು ಹೊರಟು, 1330ರಲ್ಲಿ ಸ್ಪೇನಿನ ತೇಬಾದಲ್ಲಿ ಮಡಿದ ಸರ್ ಜೇಮ್ಸ್ ಡಗ್ಲಾಸ್‌ನ ಸಮಾಧಿ ಒಳಗಿದೆ. ಕಲ್ಲಿನ ಮೂರ್ತಿ ಸವೆದಿದೆ, ಆದರೂ ಕಾಲ ಮೇಲೆ ಕಾಲು ಹಾಕಿ ಮಲಗಿದ ಭಂಗಿ ಸ್ಪಷ್ಟ. ನೆಲದಲ್ಲಿ ಗಾಜಿನಡಿ ಇಟ್ಟಿರುವ ಸೀಸದ ಪೆಟ್ಟಿಗೆಗಳನ್ನು ತಪ್ಪಿಸಿಕೊಳ್ಳಬೇಡಿ.

ಆಮೇಲೆ ಎಡಿನ್‌ಬರಾ, ಸ್ಟರ್ಲಿಂಗ್. 1440ರಲ್ಲಿ ಎಡಿನ್‌ಬರಾ ಕೋಟೆಗೆ ಊಟಕ್ಕೆ ಕರೆದು, ಮನೆತನದ ಯಜಮಾನನಾಗಿದ್ದ ಹದಿಹರೆಯದ 6ನೇ ಅರ್ಲ್‌ನನ್ನೂ (ಅರ್ಲ್ ಅಂದರೆ ಸರದಾರರ ಬಿರುದು) ಅವನ ತಮ್ಮನನ್ನೂ ಕೊಂದರು. 1452ರಲ್ಲಿ ಸ್ಟರ್ಲಿಂಗ್‌ನಲ್ಲಿ ಎರಡನೇ ಜೇಮ್ಸ್ ರಾಜ ತಾನೇ 8ನೇ ಅರ್ಲ್‌ಗೆ ಚೂರಿ ಹಾಕಿದ. ಎರಡೂ ಕೋಟೆಗೆ ಆನ್‌ಲೈನ್ ಟಿಕೆಟ್ ತೆಗೆದಿಡಿ, ಬೇಸಿಗೆಯಲ್ಲಿ ವಿಪರೀತ ಜನ.

ಡಗ್ಲಾಸ್‌ಗಳ ಥ್ರೀವ್ ಕೋಟೆ ಈ ಪ್ರವಾಸದ ಅತ್ಯುತ್ತಮ ಜಾಗ, ತಲುಪಲು ಅತ್ಯಂತ ಕಷ್ಟದ್ದೂ ಹೌದು. ಹತ್ತಿರದ ಊರು ಕ್ಯಾಸಲ್ ಡಗ್ಲಾಸ್. ಅಲ್ಲಿಗೆ ರೈಲಿಲ್ಲ, ಡಂಫ್ರೀಸ್‌ವರೆಗೆ ರೈಲಿನಲ್ಲಿ ಹೋಗಿ ಬಸ್ ಹಿಡಿಯಬೇಕು. ಪಾರ್ಕಿಂಗ್‌ನಿಂದ ಸುಮಾರು ಒಂದು ಕಿ.ಮೀ. ಹೊಲಗಳ ನಡುವೆ ನಡಿಗೆ. ಮಳೆ ಬಂದರೆ ಕೆಸರು, ಚಪ್ಪಲಿ ಸಾಲದು. ಕೋಟೆ ಇರುವುದು ಡೀ ನದಿಯ ನಡುಗಡ್ಡೆಯಲ್ಲಿ. ದಡದ ಗಂಟೆ ಬಾರಿಸಿದರೆ ದೋಣಿ ಬರುತ್ತದೆ. ಚಳಿಗಾಲದಲ್ಲಿ ದೋಣಿಯಿಲ್ಲ, ನದಿ ತುಂಬಿದರೂ ಇಲ್ಲ; ಹೊರಡುವ ದಿನ ಬೆಳಿಗ್ಗೆ ಕೋಟೆ ನೋಡಿಕೊಳ್ಳುವ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಸಂಸ್ಥೆಯ ವೆಬ್‌ಸೈಟ್ ನೋಡಿ. ಆರ್ಚಿಬಾಲ್ಡ್ ಡಗ್ಲಾಸ್ ಕಟ್ಟಿಸಿದ ಈ ಗೋಪುರ 1455ರ ಮುತ್ತಿಗೆಯಲ್ಲಿ ರಾಜನ ಕೈಸೇರಿತು, 'ಕಪ್ಪು' ಡಗ್ಲಾಸ್‌ಗಳ, ಅಂದರೆ ಮನೆತನದ ಈ ಹಿರಿಯ ಕವಲಿನ, ಕಥೆ ಅಲ್ಲಿಗೆ ಮುಗಿಯಿತು.

ಆದರೆ ವಂಶ ಅಳಿಯಲಿಲ್ಲ. ಅದೇ ವರ್ಷ ಆರ್ಕಿನ್‌ಹೋಮ್ ಕಾಳಗದಲ್ಲಿ ಇವರ ವಿರುದ್ಧ ರಾಜನ ಪರ ನಿಂತವನು ಇನ್ನೊಂದು ಕವಲಿನ, ಅಂದರೆ 'ಕೆಂಪು' ಡಗ್ಲಾಸ್‌ಗಳ, ಆ್ಯಂಗಸ್ ಅರ್ಲ್. ಅವರ ಟ್ಯಾಂಟಲನ್ ಕೋಟೆಯನ್ನು ಕೊನೆಗಿಡಿ. ಎಡಿನ್‌ಬರಾದ ವೇವರ್ಲಿ ನಿಲ್ದಾಣದಿಂದ ನಾರ್ತ್ ಬೆರ್ವಿಕ್‌ಗೆ ರೈಲು ಅರ್ಧ ಗಂಟೆ, ಅಲ್ಲಿಂದ 3 ಮೈಲಿ. ಸುಮಾರು 15 ಮೀಟರ್ ಎತ್ತರ, 3.6 ಮೀಟರ್ ದಪ್ಪದ ಒಂದೇ ಗೋಡೆ ನೆಲದ ಕಡೆಯಿಂದ ಕಾಯುತ್ತದೆ. ಉಳಿದ ಕಡೆ ಕಡಲ ಪ್ರಪಾತ. ಮೇಲೆ ಗಾಳಿ ಜೋರು, ಕೊಡೆ ನಿಲ್ಲುವುದಿಲ್ಲ, ಟೋಪಿಯಿರುವ ಮಳೆಕೋಟು ಒಯ್ಯಿರಿ.