ಮರ್ಯಾದೆ ಕೊಡ್ತಾರೆ, ಓಟು ಯಾಕೆ ಕೊಡಲ್ಲ?

“ಮಿಲ್ಟ್ರಿ, ಮಂದಿ ನಿಮಗ ಇಷ್ಟು ಮರ್ಯಾದಿ ಕೊಡ್ತಾರ. ಮತ್ತ ಓಟು ಯಾಕ ಹಾಕಲಿಲ್ಲ?”

ಚಹಾದಂಗಡಿಯಲ್ಲಿ, ಮದುವೆ ಊಟದ ಸಾಲಿನಲ್ಲಿ, ಬಸ್ಸಿನಲ್ಲಿ ಎಲ್ಲೇ ಸಿಕ್ಕರೂ ಇದೇ ಪ್ರಶ್ನೆ. ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಇವತ್ತು ಬರೆದೇ ಬಿಡುತ್ತೇನೆ.

ಸೇನೆಯಲ್ಲಿ 24 ವರ್ಷ ಇದ್ದೆ, ಮದ್ರಾಸ್ ಸ್ಯಾಪರ್ಸ್‌ನಲ್ಲಿ. ಸೇತುವೆ ಹಾಕುವುದು, ನೆಲಬಾಂಬ್ ತೆಗೆಯುವುದು ನಮ್ಮ ಕೆಲಸ. 2017ರಲ್ಲಿ ಹವಾಲ್ದಾರ್ ಆಗಿ ನಿವೃತ್ತನಾಗಿ ರಾಯಚೂರು ಜಿಲ್ಲೆಯ ನಮ್ಮೂರಿಗೆ ಬಂದೆ. ಬಂದು ವರ್ಷ ತುಂಬಿರಲಿಲ್ಲ, 2018ರ ಮೇ ತಿಂಗಳ ವಿಧಾನಸಭೆ ಚುನಾವಣೆಗೆ ಪಕ್ಷೇತರನಾಗಿ ನಿಂತೆ. 2023ರಲ್ಲಿ ಮತ್ತೆ ನಿಂತೆ. ಚಲಾವಣೆಯಾದ ಓಟಿನಲ್ಲಿ ಆರನೇ ಒಂದು ಪಾಲು ಸಿಗದಿದ್ದರೆ ಠೇವಣಿ ಹೋಗುತ್ತದೆ. ನನ್ನದು ಎರಡೂ ಸಲ ಹೋಯಿತು. ಮೊದಲ ಸಲ ನೋಟಾ ಕೂಡ ನನ್ನ ಮುಂದಿತ್ತು!

“ಜಾತಿ ನೋಡಿ ಹಾಕ್ತಾರ ಬಿಡ್ರಿ” ಎಂದು ಸಮಾಧಾನ ಹೇಳುವವರಿದ್ದಾರೆ. ನಮ್ಮಲ್ಲಿ ಆ ಮಾತು ನಡೆಯುವುದಿಲ್ಲ. ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಮಸ್ಕಿ ಈ ನಾಲ್ಕೂ ಪರಿಶಿಷ್ಟ ಪಂಗಡಕ್ಕೆ ಮೀಸಲು. ನಮ್ಮದೂ ಅದರಲ್ಲೊಂದು. ನಿಂತವರೆಲ್ಲ ನಮ್ಮ ನಾಯಕ (ವಾಲ್ಮೀಕಿ) ಜಾತಿಯ ಮಂದಿಯೇ. ಜಾತಿಗೇ ಹಾಕಿದ್ದರೆ ನನಗೂ ಒಂದು ಪಾಲು ಬೀಳಬೇಕಿತ್ತು, ಅಲ್ವಾ?

ದುಡ್ಡು? ಅದು ಅರ್ಧ ನಿಜ. ಒಬ್ಬ ಅಭ್ಯರ್ಥಿ ಮಾಡಬಹುದಾದ ಖರ್ಚಿನ ಮಿತಿ 2018ರಲ್ಲಿ 28 ಲಕ್ಷ ಇತ್ತು, 2023ಕ್ಕೆ 40 ಲಕ್ಷ ಆಯಿತು. ನನ್ನ ಖರ್ಚಿನ ಪುಸ್ತಕದಲ್ಲಿ ಜಾಸ್ತಿ ಇದ್ದದ್ದು ಆಟೋ ಬಾಡಿಗೆ, ಮೈಕು, ಮಂಡಕ್ಕಿ-ಮಿರ್ಚಿ. ಪಕ್ಷೇತರನಿಗೆ ಇನ್ನೊಂದು ತೊಂದರೆ ಇದೆ. ನಾಮಪತ್ರ ವಾಪಸ್ ಪಡೆಯುವ ಗಡುವು ಮುಗಿದ ಮೇಲೇ ಅವನಿಗೆ ಚಿಹ್ನೆ ಸಿಗುವುದು. 2023ರಲ್ಲಿ ಆ ಗಡುವು ಏಪ್ರಿಲ್ 24, ಮತದಾನ ಮೇ 10. ಕಮಲ, ಕೈ ಮಕ್ಕಳಿಗೂ ಗೊತ್ತು. ನನ್ನ ಚಿಹ್ನೆ ಇಂಥದ್ದು ಎಂದು ಹೇಳುವುದರಲ್ಲೇ ಎರಡು ವಾರ ಬಿಸಿಲಿನಲ್ಲಿ ಕರಗಿತು.

ಆದರೆ ನಿಜವಾದ ಕಾರಣ ಬೇರೆ. ಅದನ್ನು ನನಗೆ ಹೇಳಿಕೊಟ್ಟದ್ದು ಒಬ್ಬ ಮುದುಕಿ.

ನಮ್ಮೂರು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗ. 227 ಕಿಲೋಮೀಟರ್ ಕಾಲುವೆ, ಮೇಲ್ಭಾಗದಲ್ಲೆಲ್ಲ ಭತ್ತ. ನಮ್ಮ ಹತ್ತಿರ ಬರುವ ಹೊತ್ತಿಗೆ ನೀರು ಪಾದ ಮುಳುಗಿದರೆ ಪುಣ್ಯ. 2018ರಲ್ಲಿ ನನ್ನ ಭಾಷಣವೆಲ್ಲ ಅದೇ: ಕಾಲುವೆ ನೀರಿನ ಮಟ್ಟ ಅಳೆಯುವ ಗೇಜ್, ಬೆಳೆ ಪದ್ಧತಿ, ಅಕ್ರಮ ಪಂಪ್‌ಸೆಟ್. ಕೇಳುತ್ತಿದ್ದ ರೈತರಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಚಪ್ಪಾಳೆ ಹೊಡೆದರು, ಪಾಪ.

ಒಂದು ಊರಿನಲ್ಲಿ ಬೇವಿನ ಕಟ್ಟೆ ಹತ್ತಿರ ಮಾತು ಮುಗಿಸಿ ಇಳಿದೆ. ಆ ಮುದುಕಿ ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆ ಮಾಡಿದ್ದ ಪಾಸ್‌ಬುಕ್ ತೆಗೆದಳು. ಎಣ್ಣೆ ಹತ್ತಿ ಅಕ್ಷರವೇ ಕಾಣುತ್ತಿರಲಿಲ್ಲ.

“ತಮ್ಮಾ, ಮೂರು ತಿಂಗಳಾತು ಪಗಾರ ಬಂದಿಲ್ಲ.”

ನಮ್ಮ ಕಡೆ ವೃದ್ಧಾಪ್ಯ ವೇತನಕ್ಕೆ ಪಗಾರ ಅಂತಲೇ ಅನ್ನುವುದು.

“ಗೆದ್ದ ಮ್ಯಾಲೆ ಮಾಡಸ್ತೀನಿ, ಯವ್ವಾ” ಅಂದೆ.

“ಸೋತ್ರ?”

ನಾನು ಸುಮ್ಮನಿದ್ದೆ. ಆಕೆಯೇ ಹೇಳಿದಳು: “ಅವ್ರು ಸೋತ್ರೂ ಫೋನ್ ಹಚ್ಚಿದ್ರ ಕೆಲಸ ಆಗ್ತದ.”

ಅವ್ರು ಅಂದರೆ ದೊಡ್ಡ ಪಕ್ಷದ ಒಬ್ಬ ಅಭ್ಯರ್ಥಿ. ಆತ ಗೆದ್ದರೂ ಸೋತರೂ ಆತನ ಕಡೆಯವನೊಬ್ಬ ಊರಲ್ಲಿ ಇರುತ್ತಾನೆ. ರಾತ್ರಿ ಹೆರಿಗೆ ನೋವು ಬಂದರೆ ಜೀಪು ಕಳಿಸುತ್ತಾನೆ, ಪೊಲೀಸರು ಹುಡುಗನನ್ನು ಕರೆದೊಯ್ದರೆ ಹೋಗಿ ನಿಲ್ಲುತ್ತಾನೆ. ಅಷ್ಟೂ ವರ್ಷ ನಾನೆಲ್ಲಿದ್ದೆ? ಗಡಿಯಲ್ಲಿ. ಗಡಿ ಕಾದದ್ದಕ್ಕೆ ಜನ ಶಾಲು ಹೊದಿಸಿದರು, ಆಗಸ್ಟ್ 15ಕ್ಕೆ ಶಾಲೆಗೆ ಕರೆದು ಕುರ್ಚಿ ಹಾಕಿದರು. ಆ ಲೆಕ್ಕ ಅಲ್ಲಿಗೇ ಚುಕ್ತಾ. ನಾನೋ, ಅದೇ ಲೆಕ್ಕದಲ್ಲಿ ಓಟೂ ಬರಬೇಕು ಅಂದುಕೊಂಡಿದ್ದೆ. ಮೊದಲ ಸಲ ಕರಪತ್ರದಲ್ಲಿ ಪದಕ ಹಾಕಿಕೊಂಡ ಫೋಟೋ ಬೇರೆ! ಈಗ ನೋಡಿದರೆ ನನಗೇ ನಾಚಿಕೆ.

ಸೋತ ಮೇಲೆ ಆ ಪಾಸ್‌ಬುಕ್ ತಲೆಯಿಂದ ಹೋಗಲಿಲ್ಲ. ಒಂದು ದಿನ ಹೋಗಿ ಇಸಿದುಕೊಂಡು ಬಂದೆ. ಬ್ಯಾಂಕಿಗೂ ನಾಡಕಚೇರಿಗೂ ಆರು ಸಲ ಅಲೆದೆ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಇಷ್ಟೇ ಸಮಸ್ಯೆ. ಅದು ಸರಿಯಾಗಿ ಪಗಾರ ಬಂತು. ಆಮೇಲೆ ಬೇರೆಯವರೂ ಕಾಗದ ಹಿಡಿದು ಬರತೊಡಗಿದರು. ಐದು ವರ್ಷ ನನ್ನ ಬೈಕಿನ ಡಿಕ್ಕಿಯಲ್ಲಿ ಯಾವಾಗಲೂ ಯಾರದ್ದೋ ಜೆರಾಕ್ಸ್ ಇರುತ್ತಿತ್ತು.

ಹಾಗಾಗಿ 2023ರಲ್ಲಿ ಸ್ವಲ್ಪ ಧೈರ್ಯದಿಂದಲೇ ನಿಂತೆ. ಓಟು ಹೋದ ಸಲಕ್ಕಿಂತ ಜಾಸ್ತಿ ಬಂತು, ನಿಜ. ಆದರೆ ಠೇವಣಿ ಉಳಿಯುವಷ್ಟಲ್ಲ. ಫಲಿತಾಂಶ ಬಂದು ವಾರದ ಮೇಲೆ ಆ ಊರಿಗೆ ಹೋಗಿದ್ದೆ. ಮುದುಕಿ ಮಜ್ಜಿಗೆ ಕೊಟ್ಟು ಎದುರಿಗೆ ಕೂತಳು.

“ಸಿಟ್ಟಾಗಬ್ಯಾಡ ತಮ್ಮಾ. ಓಟು ಅವ್ರಿಗೇ ಹಾಕೀನಿ.”

“ಯಾಕ, ಯವ್ವಾ? ಪಗಾರ ನಾ ಮಾಡಿಸಿದ್ದು.”

“ಹೌದಪ್ಪ, ಗೊತ್ತದ. ನೀ ಸೋತ್ರೂ ಬರ್ತಿ ಅಲ್ಲ!”

ಮಜ್ಜಿಗೆ ಕುಡಿದು ಎದ್ದೆ. ಹೊರಡುವಾಗ ಸೊಸೆಯ ರೇಷನ್ ಕಾರ್ಡ್ ತಂದು ಕೈಗೆ ಕೊಟ್ಟಳು. ಅದರಲ್ಲಿ ಮೊಮ್ಮಗನ ಹೆಸರು ಸೇರಿಸಬೇಕಂತೆ.